ಅಳಿವೆಯ ನೀರು ಯಾವ ಇಲಾಖೆಯದು?

ಶಿರಸಿಯ ಮೀನು ಮಾರುಕಟ್ಟೆಗೆ ಕುಮಟೆಯ ಕಡೆಯಿಂದ ಬುಟ್ಟಿ ತರುವ ಹಿರಿಯ ಹೆಂಗಸೊಬ್ಬರು ನನಗೆ ಇಪ್ಪತ್ತು ವರ್ಷಗಳಿಂದ ಪರಿಚಿತರು. ನಾನು ಅಘನಾಶಿನಿ ಹೊಳೆಯ ದಂಡೆಯ ಊರಿನವನೆಂದು ಗೊತ್ತಿರುವುದರಿಂದ ಬೆಲೆಯ ಮಾತು ಎರಡು ಕ್ಷಣದಲ್ಲಿ ಮುಗಿದು, ಉಳಿದ ಹೊತ್ತು ಸಮುದ್ರದ ಸುದ್ದಿಯೇ ನಡೆಯುತ್ತದೆ. ಕಳೆದ ವರ್ಷ ಆಗಸ್ಟ್ ತಿಂಗಳಲ್ಲಿ, ಮಳೆಗಾಲದ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದ ಮೇಲಿನ ದಿನಗಳಲ್ಲಿ, ಅವರ ಬುಟ್ಟಿಯ ತುಂಬ ಬೆರಳುದ್ದದ ಬಂಗಡೆಗಳಿದ್ದವು. ದೊಡ್ಡದು ಬಂದಿಲ್ಲವೇ ಅಕ್ಕಾ ಎಂದು ಕೇಳಿದೆ. "ಇದ್ದದ್ದೆಲ್ಲ ಮರಿಯೇ ತಮ್ಮಾ. ದೊಡ್ಡದಾಗೂಕೆ ಬಿಟ್ಟರೆ ತಾನೆ ದೊಡ್ಡದು ಬರೂದು?" ಎಂದರು. ಮೀನುಗಾರಿಕೆಯ ನೀತಿಯನ್ನು ಕುರಿತು ನಾನು ಈಚಿನ ವರ್ಷಗಳಲ್ಲಿ ಓದಿದ ಕಾಗದಪತ್ರಗಳ ಎದುರು ಈ ಒಂದು ಮಾತನ್ನು ಇಟ್ಟು ನೋಡುತ್ತ ಬಂದಿದ್ದೇನೆ. ಆ ಕಾಗದಗಳಲ್ಲಿ ಮೀನು ಹಿಡಿಯುವ ಜಾಗದ ಬಗ್ಗೆ ಬಹಳಷ್ಟು ಇದೆ, ಮರಿ ದೊಡ್ಡದಾಗುವ ಅಳಿವೆಯ ಬಗ್ಗೆ, ಅಂದರೆ ಹೊಳೆ ಕಡಲು ಸೇರುವ ಜಾಗದ ಬಗ್ಗೆ, ತೀರ ಕಡಿಮೆ ಇದೆ.

ಹಿಡಿಯುವುದಕ್ಕೆ ಸಂಬಂಧಿಸಿದ ಕಾನೂನು ನಮ್ಮಲ್ಲಿ ದುರ್ಬಲವಾಗಿಯೇನೂ ಇಲ್ಲ. ಸಂವಿಧಾನದ ಪ್ರಕಾರ ಮೀನುಗಾರಿಕೆ ರಾಜ್ಯಪಟ್ಟಿಯ ವಿಷಯ, ದಡದಿಂದ 12 ನಾಟಿಕಲ್ ಮೈಲಿಯ ಆಚೆಗಿನದು ಕೇಂದ್ರದ ವಿಷಯ. ಆ 12 ಮೈಲಿಯೊಳಗೆ ಯಾವ ದೋಣಿ, ಯಾವ ಬಲೆ, ಯಾವ ಕಾಲ ಎಂಬುದನ್ನು ನಿಯಂತ್ರಿಸುವ ಅಧಿಕಾರವನ್ನು ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1986ರಲ್ಲಿಯೇ ಸರ್ಕಾರಕ್ಕೆ ಕೊಟ್ಟಿದೆ. 2015ರಿಂದ ಪಶ್ಚಿಮ ಕರಾವಳಿಗೆಲ್ಲ ಒಂದೇ ಬಗೆಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, ನಾಡದೋಣಿಗಳಿಗೂ 10 ಅಶ್ವಶಕ್ತಿಯವರೆಗಿನ ಸಣ್ಣ ಯಂತ್ರ ಜೋಡಿಸಿದ ದೋಣಿಗಳಿಗೂ ವಿನಾಯಿತಿ ಇದೆ. ಎರಡು ಬೋಟುಗಳು ಒಂದೇ ಬಲೆಯನ್ನು ಎಳೆದೊಯ್ಯುವ ಬುಲ್ ಟ್ರಾಲಿಂಗ್ ಮತ್ತು ಜನರೇಟರ್ ಹೊತ್ತುಕೊಂಡು ಹೋಗಿ ಎಲ್ಇಡಿ ದೀಪದ ಬೆಳಕಿಗೆ ಮೀನನ್ನು ಸೆಳೆದು ಬಾಚುವ ಬೆಳಕು ಮೀನುಗಾರಿಕೆ ಎರಡನ್ನೂ ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು. ಬೋಟು ಎಳೆದೊಯ್ಯುವ ಟ್ರಾಲ್ ಬಲೆಯ ತುದಿಚೀಲಕ್ಕೆ 35 ಮಿಲಿಮೀಟರಿನ ಚೌಕ ಕಣ್ಣು ಇರಬೇಕೆಂದೂ, ಹಾಗಿದ್ದರೆ ಮರಿಗಳು ನುಸುಳಿ ಪಾರಾಗುತ್ತವೆಂದೂ ವಿಜ್ಞಾನಿಗಳು ಹೇಳುತ್ತಲೇ ಬಂದಿದ್ದಾರೆ. ಪಕ್ಕದ ಕೇರಳವು ಯಾವ ಜಾತಿಯ ಮೀನನ್ನು ಎಷ್ಟು ಉದ್ದಕ್ಕಿಂತ ಸಣ್ಣದಿದ್ದಾಗ ಹಿಡಿಯಬಾರದೆಂಬ ಅಳತೆಯನ್ನು 2015ರಿಂದಲೇ ಕಾನೂನಿನ ಮೂಲಕ ಜಾರಿಗೆ ತಂದಿದೆ.

ಇಷ್ಟಿದ್ದೂ ಬುಟ್ಟಿಯಲ್ಲಿ ಮರಿಯೇ ಇರುವುದಕ್ಕೆ ಜಾರಿಯ ಸಡಿಲಿಕೆ ಒಂದು ಕಾರಣವೆಂಬುದನ್ನು ಬಂದರಿನಲ್ಲಿ ಒಂದು ಬೆಳಿಗ್ಗೆ ನಿಂತ ಯಾರಾದರೂ ಒಪ್ಪುತ್ತಾರೆ. ಮರಿಮೀನಿಗೆ ಗಿರಾಕಿ ಇರುವವರೆಗೆ ಬಲೆಯ ಕಣ್ಣು ದೊಡ್ಡದಾಗುವುದಿಲ್ಲ. ಊಟಕ್ಕೆ ಬಾರದ ಸಣ್ಣ ಮೀನು ಮೀನುಹುಡಿಯ ಕಾರ್ಖಾನೆಗೆ ಹೋಗುತ್ತದೆ. ಹುಡಿಯಿಂದ ಸಿಗಡಿಯ ಆಹಾರ ತಯಾರಾಗುತ್ತದೆ, ಆ ಆಹಾರ ತಿಂದ ಸಿಗಡಿ ವಿದೇಶಕ್ಕೆ ರಫ್ತಾಗುತ್ತದೆ. ಹೀಗೆ ಹಿಡಿಯುವ ಮೀನುಗಾರಿಕೆಯ ನಷ್ಟದ ಮೇಲೆ ಸಾಕುವ ಮೀನುಗಾರಿಕೆಯ ಲಾಭ ನಿಂತಿದೆ. ಲೆಕ್ಕದಲ್ಲಿ ಮಾತ್ರ ಎರಡೂ ಉತ್ಪಾದನೆಯ ಟನ್ನುಗಳಾಗಿಯೇ ಕೂಡಿಕೊಳ್ಳುತ್ತವೆ. ಜಾರಿಯ ಬಗ್ಗೆ ಬಲ್ಲವರು ಬಹಳ ಬರೆದಿದ್ದಾರೆ, ಅದನ್ನು ಇಲ್ಲಿಗೇ ಬಿಡುತ್ತೇನೆ. ನನಗೆ ಹೇಳಬೇಕಾಗಿರುವುದು ಅಳಿವೆಯ ವಿಷಯ.

ನದಿಯ ಸಿಹಿನೀರೂ ಕಡಲಿನ ಉಪ್ಪುನೀರೂ ದಿನಕ್ಕೆರಡು ಸಲ ಭರತ ಇಳಿತಗಳಲ್ಲಿ ಬೆರೆಯುವ ಈ ಜಾಗದಲ್ಲಿಯೇ ನಮ್ಮ ಕರಾವಳಿಯ ಎಷ್ಟೋ ಮೀನು, ಸಿಗಡಿ, ಏಡಿಗಳ ಬಾಲ್ಯ ಕಳೆಯುತ್ತದೆ. ನಾವು ಶೆಟ್ಲಿ ಎನ್ನುವ ಸಿಗಡಿಯ ಮುಖ್ಯ ಜಾತಿಗಳು ಕಡಲಿನಲ್ಲಿ ಮೊಟ್ಟೆಯಿಡುತ್ತವೆ. ಮರಿಗಳು ಭರತದೊಡನೆ ಅಳಿವೆಯೊಳಕ್ಕೆ ಬಂದು, ಕಾಂಡ್ಲ ಎಂಬ ಉಪ್ಪುನೀರಿನ ಗಿಡಗಳ ಬೇರುಗಳ ನಡುವೆ, ಕೆಸರಿನಲ್ಲಿ, ಗಜನಿ ಎಂಬ ತಗ್ಗು ಗದ್ದೆಗಳ ನಿಂತ ನೀರಿನಲ್ಲಿ ಬೆಳೆದು, ಬಲಿತ ಮೇಲೆ ಮತ್ತೆ ಕಡಲಿಗೆ ಮರಳುತ್ತವೆ. ಕುರುಡಿ ಮೀನಿನದು ಇದಕ್ಕೆ ಸ್ವಲ್ಪ ತಿರುಗುಮುರುಗಾದ ದಾರಿ. ಅದು ಹೊಳೆಯಲ್ಲಿಯೂ ಅಳಿವೆಯಲ್ಲಿಯೂ ಬೆಳೆದು, ಮೊಟ್ಟೆಯಿಡುವುದಕ್ಕೆ ಉಪ್ಪು ಹೆಚ್ಚಿರುವ ಅಳಿವೆಬಾಯಿಯ ಕಡೆಗೆ ಇಳಿಯುತ್ತದೆ. ಕಡಲಿನಲ್ಲಿ 61 ದಿನ ಬೋಟು ನಿಲ್ಲಿಸಿದರೆ ಮೊಟ್ಟೆಯಿಡುವ ತಾಯಿಮೀನಿಗೆ ರಕ್ಷಣೆ ಸಿಕ್ಕೀತು. ಆದರೆ ಮರಿಗಳು ಬಂದು ಸೇರುವ ಮನೆಯೇ ಹಾಳಾಗಿದ್ದರೆ ಆ ರಕ್ಷಣೆಯ ಫಲ ಅರ್ಧ ದಾರಿಯಲ್ಲಿ ಕಳೆದುಹೋಗುತ್ತದೆ.

ನಮ್ಮ ಮನೆಗೆ ಗಜನಿಯಲ್ಲಿ ಒಂದು ಸಣ್ಣ ಪಾಲಿತ್ತು. ಗಜನಿಯನ್ನು ನೋಡದವರಿಗಾಗಿ ಅದರ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಕೃಷಿಯೂ ಮೀನುಗಾರಿಕೆಯೂ ಒಂದೇ ನೆಲದಲ್ಲಿ ಒಂದಕ್ಕೊಂದು ನೆರವಾಗಿ ನಡೆದ ಇಂಥ ವ್ಯವಸ್ಥೆ ನಮ್ಮಲ್ಲಿ ಇದ್ದಿತೆಂಬುದೇ ಈಗಿನ ಯೋಜನೆಗಳನ್ನು ಬರೆಯುವವರಿಗೆ ನೆನಪಿಲ್ಲದಂತೆ ಕಾಣುತ್ತದೆ. ಅಳಿವೆಯ ಅಂಚಿನ ತಗ್ಗು ಗದ್ದೆಗಳಿಗೆ ಒಡ್ಡು ಕಟ್ಟಿ, ಅಲ್ಲಲ್ಲಿ ಹಲಗೆಯ ಬಾಗಿಲುಗಳನ್ನಿಟ್ಟಿರುತ್ತಾರೆ. ಮಳೆಗಾಲದಲ್ಲಿ ಹೊಳೆಯ ನೀರು ಸಿಹಿಯಾಗಿ, ಮಳೆಯು ಗದ್ದೆಯ ಉಪ್ಪನ್ನು ತೊಳೆದ ಮೇಲೆ ಕಗ್ಗ ಎಂಬ ಭತ್ತವನ್ನು ಬಿತ್ತುತ್ತಾರೆ. ಕಗ್ಗ ಎತ್ತರಕ್ಕೆ ಬೆಳೆಯುವ ತಳಿ, ಉಪ್ಪನ್ನೂ ನೆರೆಯನ್ನೂ ತಡೆದುಕೊಳ್ಳುತ್ತದೆ, ಅದಕ್ಕೆ ಯಾರೂ ಗೊಬ್ಬರ ಹಾಕಿದ್ದನ್ನು ನಾನು ನೋಡಿಲ್ಲ. ತೆನೆಯನ್ನಷ್ಟೇ ಕೊಯ್ದು ಹುಲ್ಲಿನ ಬಹುಭಾಗವನ್ನು ಅಲ್ಲಿಯೇ ಬಿಡುತ್ತಾರೆ. ಆಮೇಲೆ ಬಾಗಿಲು ತೆರೆದರೆ ಭರತದ ನೀರಿನೊಡನೆ ಶೆಟ್ಲಿಯ ಮರಿಗಳೂ ಮೀನಿನ ಮರಿಗಳೂ ತಾವಾಗಿಯೇ ಒಳಗೆ ಬರುತ್ತವೆ. ಕೊಳೆಯುವ ಹುಲ್ಲೇ ಅವುಗಳ ಆಹಾರಕ್ಕೆ ಮೂಲ. ಮೀನು ಹಿಡಿಯುವ ಹಕ್ಕನ್ನು ಊರವರು ಹರಾಜು ಹಾಕಿ, ಬಂದ ಹಣವನ್ನು ಪಾಲಿನ ಪ್ರಕಾರ ಹಂಚಿಕೊಳ್ಳುತ್ತಿದ್ದರು. ಒಡ್ಡಿನ ದುರಸ್ತಿಗೆ ಎಲ್ಲ ಮನೆಗಳಿಂದ ಆಳು ಹೋಗುತ್ತಿದ್ದರು. ಮಾಣಿಕಟ್ಟೆಯಂಥ ಕಡೆ ನೂರಾರು ಎಕರೆಯನ್ನು ಹೀಗೆ ಸಾಮೂಹಿಕವಾಗಿ ಸಾಗುವಳಿ ಮಾಡಿದ ದಾಖಲೆಗಳಿವೆ. ಇದರಲ್ಲಿ ಮೀನು ಸಾಕುವುದಕ್ಕೆ ಕಡಲಿನ ಒಂದು ಮರಿಯನ್ನೂ ಹುಡಿ ಮಾಡಬೇಕಾಗಿರಲಿಲ್ಲ.

ಇದು ಮುರಿದದ್ದು ತೊಂಬತ್ತರ ದಶಕದಲ್ಲಿ. ರಫ್ತಿನ ಆಸೆಯಿಂದ ಸಿಗಡಿ ಕೃಷಿಗೆ ಪ್ರೋತ್ಸಾಹ ಸಿಕ್ಕಿದಾಗ ಹೊರಗಿನ ಗುತ್ತಿಗೆದಾರರು ಬಂದು ಗಜನಿಗಳನ್ನು ವರ್ಷಗಟ್ಟಲೆ ಅವಧಿಗೆ ಹಿಡಿದರು. ನಮ್ಮ ಪಾಲಿಗೂ ಒಂದು ಮೊತ್ತ ಬಂತು, ಆ ವರ್ಷ ಮನೆಯ ಮಾಡಿಗೆ ಹೊಸ ಹಂಚು ಹೊದೆಸಿದ್ದು ನೆನಪಿದೆ. ಆದರೆ ಸಿಗಡಿಗೆ ವರ್ಷವಿಡೀ ಉಪ್ಪುನೀರು ಬೇಕು. ಮಳೆಗಾಲದಲ್ಲಿಯೂ ಉಪ್ಪುನೀರನ್ನು ನಿಲ್ಲಿಸಿದ್ದರಿಂದ ಕಗ್ಗ ಹೋಯಿತು. ಒಂದು ಊರಿನಲ್ಲಿ ಎರಡು ಮೂರು ವರ್ಷ ಬಿತ್ತನೆ ನಿಂತರೆ ಬೀಜವೇ ತಪ್ಪಿಹೋಗುತ್ತದೆ. ಒಡ್ಡಿನ ಈಚೆಗಿದ್ದ ನಮ್ಮ ಬಾವಿಯ ನೀರು ಮಾರ್ಚ್ ಹೊತ್ತಿಗೆ ಬಾಯಿಗೆ ಇಡಲಾಗದಷ್ಟು ಉಪ್ಪಾಗತೊಡಗಿತು. ಆ ದಶಕದ ಮಧ್ಯದಲ್ಲಿ ಬಿಳಿಚುಕ್ಕೆ ರೋಗ ದೇಶದ ಕರಾವಳಿಯ ಉದ್ದಕ್ಕೂ ಹಬ್ಬಿ ಟೈಗರ್ ಸಿಗಡಿಯ ಕೊಳಗಳನ್ನು ಖಾಲಿ ಮಾಡಿದಾಗ ಗುತ್ತಿಗೆದಾರರು ಹೊರಟುಹೋದರು. ಒಡೆದ ಒಡ್ಡು ಮತ್ತು ಉಪ್ಪು ಹಿಡಿದ ನೆಲ ನಮ್ಮ ಪಾಲಿಗೆ ಉಳಿದವು. ನಮ್ಮ ಹಿರಿಯರು ಒಪ್ಪಿಯೇ ಸಹಿ ಹಾಕಿದ್ದರೆಂಬುದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಸಹಿ ಹಾಕುವ ಮೊದಲು ನೆಲಕ್ಕೂ ಬಾವಿಗೂ ಆಗಬಹುದಾದದ್ದನ್ನು ಅವರಿಗೆ ತಿಳಿಸಿ ಹೇಳುವ ಹೊಣೆ ಯಾವುದಾದರೊಂದು ಕಚೇರಿಯ ಮೇಲೆ ಇರಬೇಕಿತ್ತು.

ಸುಪ್ರೀಂ ಕೋರ್ಟು 1996ರ ಡಿಸೆಂಬರ್‌ನಲ್ಲಿ ಗಾಂಧಿವಾದಿ ಎಸ್. ಜಗನ್ನಾಥನ್ ಅವರ ಪ್ರಕರಣದಲ್ಲಿ ಕೊಟ್ಟ ತೀರ್ಪು ಇದೇ ಸಂಕಟಕ್ಕೆ ಕೊಟ್ಟ ಉತ್ತರವಾಗಿತ್ತು. ಕರಾವಳಿ ನಿಯಂತ್ರಣ ವಲಯದೊಳಗೆ, ಅಂದರೆ ಕಡಲಿನ ಮತ್ತು ಅಳಿವೆಯ ಅಂಚಿನ ನಿರ್ಬಂಧಿತ ಪಟ್ಟಿಯೊಳಗೆ, ಸಿಗಡಿ ಉದ್ಯಮದ ಕೊಳಗಳು ಇರಕೂಡದು, ಸಾಂಪ್ರದಾಯಿಕ ಮತ್ತು ಸುಧಾರಿತ ಸಾಂಪ್ರದಾಯಿಕ ಪದ್ಧತಿಗಳಿಗೆ ಮಾತ್ರ ಅವಕಾಶ ಎಂದು ಅದು ಹೇಳಿತು. ಆ ಮಾತಿನ ಪ್ರಕಾರ ನೋಡಿದರೆ ಗಜನಿಯ ಹಳೆಯ ಕ್ರಮಕ್ಕೆ ನ್ಯಾಯಾಲಯದ ಮನ್ನಣೆ ಸಿಕ್ಕಿದಂತೆಯೇ ಆಗಿತ್ತು, ಅದನ್ನು ಎತ್ತಿಹಿಡಿಯುವ ಯೋಜನೆಯೊಂದು ಆಗಲೇ ಬರಬಹುದಿತ್ತು. ಅದರ ಬದಲು 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆ ಬಂದು ಕೊಳಗಳು ನೋಂದಣಿಯ ಮೂಲಕ ಮುಂದುವರಿಯಲು ದಾರಿಯಾಯಿತು. 2009ರಲ್ಲಿ ವನ್ನಾಮಿ ಎಂಬ ವಿದೇಶಿ ಸಿಗಡಿಗೆ ಅನುಮತಿ ದೊರೆಯಿತು. 2023ರ ತಿದ್ದುಪಡಿಯು ಕರಾವಳಿ ನಿಯಂತ್ರಣ ವಲಯದೊಳಗೆ ಜಲಕೃಷಿಗೆ ಅವಕಾಶವಿದೆಯೆಂಬುದನ್ನು ಸ್ಪಷ್ಟಪಡಿಸಿ, ನಿಯಮ ಮೀರಿದವರಿಗಿದ್ದ ಸೆರೆವಾಸದ ಶಿಕ್ಷೆಯನ್ನು ತೆಗೆದು ದಂಡಕ್ಕೆ ಇಳಿಸಿತು. ಅದೇ ತಿದ್ದುಪಡಿ ಪಂಜರ ಕೃಷಿ, ಕಡಲಕಳೆ, ಚಿಪ್ಪುಜೀವಿಗಳ ಸಾಕಣೆಯನ್ನೂ ಕಾಯ್ದೆಯ ವ್ಯಾಪ್ತಿಗೆ ತಂದದ್ದನ್ನು ನಾನು ಸ್ವಾಗತಿಸುತ್ತೇನೆ. ಶಿಕ್ಷೆಯನ್ನು ಸಡಿಲಿಸಿದ್ದನ್ನು ಮಾತ್ರ ಒಪ್ಪಲಾರೆ, ಏಕೆಂದರೆ ಉಪ್ಪಾದ ಬಾವಿ ದಂಡದ ಹಣದಿಂದ ಸಿಹಿಯಾಗುವುದಿಲ್ಲ.

ಅಳಿವೆಯ ಇನ್ನೊಂದು ಸಂಪತ್ತು ಚಿಪ್ಪುಜೀವಿಗಳದ್ದು. ಇಳಿತದ ಹೊತ್ತಿಗೆ ಸೊಂಟದವರೆಗಿನ ನೀರಿಗೆ ಇಳಿದು, ಕಾಲಿನಿಂದ ತಡಕಿ, ಕೈಯಿಂದ ಬಗೆದು ಬೆಳಚು ತೆಗೆಯುವ ಹೆಂಗಸರನ್ನು ತದಡಿಯಿಂದ ಮಿರ್ಜಾನದವರೆಗೆ ನಾನು ಬಾಲ್ಯದಿಂದ ನೋಡಿದ್ದೇನೆ, ನನ್ನ ಚಿಕ್ಕಮ್ಮನೂ ಅವರಲ್ಲಿ ಒಬ್ಬರಾಗಿದ್ದರು. ಈ ದುಡಿಮೆಗೆ ದೋಣಿಯಿಲ್ಲ, ಡೀಸೆಲ್ಲಿಲ್ಲ, ಸಾಲವಿಲ್ಲ. ಆದ್ದರಿಂದಲೇ ಇರಬೇಕು, ಇದು ಇಲಾಖೆಯ ಕಣ್ಣಿಗೆ ಮೀನುಗಾರಿಕೆಯಾಗಿ ಸುಲಭವಾಗಿ ಕಾಣುವುದಿಲ್ಲ. ಬೋಟಿನ ಮಾಲೀಕರಿಗೆ ತೆರಿಗೆಯಿಲ್ಲದ ಡೀಸೆಲ್ ಸಿಗುತ್ತದೆ. 2023ರ ಬಜೆಟ್‌ನಲ್ಲಿ ಅದರ ಮಿತಿಯನ್ನು ಒಂದೂವರೆ ಲಕ್ಷ ಕಿಲೋಲೀಟರಿನಿಂದ ಎರಡು ಲಕ್ಷಕ್ಕೆ ಏರಿಸಿದರು. ಅದೇ ಬಜೆಟ್‌ನಲ್ಲಿ ಮೀನುಗಾರ ಮಹಿಳೆಯರ ಬಡ್ಡಿರಹಿತ ಸಾಲವನ್ನು ಐವತ್ತು ಸಾವಿರದಿಂದ ಮೂರು ಲಕ್ಷಕ್ಕೆ ಏರಿಸಿದ್ದು ನಿಜವಾಗಿಯೂ ಒಳ್ಳೆಯ ಕೆಲಸ, ನನ್ನ ಬುಟ್ಟಿಯ ಅಕ್ಕನಂಥವರಿಗೆ ಅದರಿಂದ ಉಪಯೋಗವಿದೆ. ಬೆಳಚು ತೆಗೆಯುವವಳಿಗೆ ಬೇಕಾದದ್ದು ಮಾತ್ರ ಸಾಲವಲ್ಲ. ಮರಳು ತೆಗೆಯುವವರು ಅವಳ ದಿಬ್ಬವನ್ನು ತೋಡಿಕೊಂಡು ಹೋಗದಂತೆ ತಡೆಯುವ ಒಂದು ಆದೇಶ ಮತ್ತು ಹೊಳೆಯ ನೀರಿನಲ್ಲಿ ಉಪ್ಪು ಸಿಹಿಗಳ ಹದ ಕೆಡದಿರುವುದು, ಇವೆರಡಿದ್ದರೆ ಅವಳ ದುಡಿಮೆ ನಡೆಯುತ್ತದೆ.

ಆ ಹದ ಕೆಟ್ಟರೆ ಏನಾಗುತ್ತದೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ, ದಕ್ಷಿಣಕ್ಕೆ ಹೊನ್ನಾವರದವರೆಗೆ ಹೋದರೆ ಸಾಕು. ಅಘನಾಶಿನಿಗೆ ಅಣೆಕಟ್ಟಿಲ್ಲ. ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಗೆ ಲಿಂಗನಮಕ್ಕಿಯೂ ಗೇರುಸೊಪ್ಪೆಯೂ ಇವೆ. ವಿದ್ಯುತ್ ಉತ್ಪಾದಿಸಿದ ಮೇಲೆ ಬಿಡುವ ಸಿಹಿನೀರು ಬೇಸಿಗೆಯಲ್ಲಿಯೂ ನಿರಂತರವಾಗಿ ಹರಿದು ಬರುವುದರಿಂದ ಶರಾವತಿಯ ಅಳಿವೆಯಲ್ಲಿ ಉಪ್ಪಿನ ಅಂಶ ಕುಸಿದಿದೆ. ಪರಿಸರ ವಿಜ್ಞಾನಿ ಡಾ. ಎಂ.ಡಿ. ಸುಭಾಷ್‌ಚಂದ್ರನ್ ಮತ್ತು ಅವರ ಸಂಗಡಿಗರು ನಮ್ಮ ಉತ್ತರ ಕನ್ನಡ ಜಿಲ್ಲೆಯ ಅಳಿವೆಗಳನ್ನು ಹೋಲಿಸಿ ಅಧ್ಯಯನ ಮಾಡಿದಾಗ, ಅಘನಾಶಿನಿಯಲ್ಲಿ ಸಮೃದ್ಧವಾಗಿದ್ದ ತಿನ್ನುವ ಚಿಪ್ಪುಜೀವಿಗಳು ಶರಾವತಿಯಲ್ಲಿ ಬಹುಮಟ್ಟಿಗೆ ಇಲ್ಲವಾಗಿರುವುದನ್ನೂ, ಉಪ್ಪನ್ನು ಬಯಸುವ ಕಾಂಡ್ಲದ ಜಾತಿಗಳು ಹಿಂದೆ ಸರಿದಿರುವುದನ್ನೂ ಗುರುತಿಸಿದರು. ಸಿಹಿನೀರು ಅತಿಯಾದರೂ ಕೇಡು, ನಿಂತುಹೋದರೂ ಕೇಡು. ಮಳೆಗಾಲಕ್ಕೆ ಮಳೆಗಾಲದ ನೀರು, ಬೇಸಿಗೆಗೆ ಬೇಸಿಗೆಯ ನೀರು ಬಂದರೆ ಮಾತ್ರ ಅಳಿವೆ ಅಳಿವೆಯಾಗಿರುತ್ತದೆ.

ಆದ್ದರಿಂದ ಬೇಡ್ತಿ ಮತ್ತು ಅಘನಾಶಿನಿಯ ನೀರನ್ನು ಪೂರ್ವಕ್ಕೆ ತಿರುಗಿಸುವ ಯೋಜನೆಗಳ ಮಾತು ಬಂದಾಗಲೆಲ್ಲ ನನಗೆ ಶಿರಸಿಯ ತೋಟಗಳ ಜೊತೆಗೇ ಗಂಗಾವಳಿಯ ಅಳಿವೆಯೂ ನೆನಪಾಗುತ್ತದೆ. ಬೇಡ್ತಿಯೇ ಕೆಳಗೆ ಗಂಗಾವಳಿಯಾಗಿ ಗೋಕರ್ಣದ ಉತ್ತರಕ್ಕೆ ಕಡಲು ಸೇರುತ್ತದೆ. ಈ ಯೋಜನೆಗಳನ್ನು ಸಮರ್ಥಿಸುವವರು "ಸಮುದ್ರಕ್ಕೆ ಹರಿದು ವ್ಯರ್ಥವಾಗುವ ನೀರು" ಎಂಬ ಮಾತನ್ನು ಪದೇ ಪದೇ ಬಳಸುತ್ತಾರೆ. ಬಯಲುಸೀಮೆಯ ನೀರಿನ ಕಷ್ಟ ಸುಳ್ಳಲ್ಲ, ಅದನ್ನು ಹಗುರವಾಗಿ ಕಾಣುವ ಹಕ್ಕು ಮಳೆನಾಡಿನ ನಮಗೆ ಇಲ್ಲ. ಆದರೆ ವ್ಯರ್ಥ ಎಂಬ ಶಬ್ದವನ್ನು ಬಳಸುವ ಮುನ್ನ ಆ ನೀರು ಅಳಿವೆಯಲ್ಲಿ ಏನೇನು ಮಾಡುತ್ತದೆಂಬುದರ ಲೆಕ್ಕವನ್ನು ಯೋಜನಾ ವರದಿಯಲ್ಲಿಯೇ ಬರೆಯಬೇಕು: ಗದ್ದೆಯ ಉಪ್ಪನ್ನು ತೊಳೆಯುವುದು, ಘಟ್ಟದ ಕಾಡಿನ ಗೊಬ್ಬರವನ್ನು ಹೊತ್ತು ತರುವುದು, ಅಳಿವೆಬಾಯಿ ಹೂಳಿನಿಂದ ಮುಚ್ಚಿಹೋಗದಂತೆ ಕಾಯುವುದು. ಘಟ್ಟದ ಮೇಲೆ ಈ ಯೋಜನೆಗಳ ವಿರುದ್ಧ ನಡೆದ ಸಭೆಗಳಲ್ಲಿ ನಾನು ಕುಳಿತಿದ್ದೇನೆ. ಅಡಕೆ ತೋಟದ, ಕಾಡಿನ, ಕುಸಿಯುವ ಗುಡ್ಡದ ಮಾತು ಅಲ್ಲಿ ಸರಿಯಾಗಿಯೇ ಬಂತು. ಕರಾವಳಿಯ ಮೀನುಗಾರರಾದ ಹರಿಕಾಂತರೂ ಅಂಬಿಗರೂ ಖಾರ್ವಿಗಳೂ ಅದೇ ವೇದಿಕೆಯ ಮೇಲೆ ಕುಳಿತು ಮಾತನಾಡುವುದನ್ನು ನೋಡಬೇಕೆಂಬುದು ನನ್ನ ಆಸೆ.

ಈಗ ನೀತಿಯ ಹೆಚ್ಚಿನ ಹಣ ಹರಿಯುತ್ತಿರುವುದು ಸಾಕಣೆಯ ಕಡೆಗೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಗೆ ಐದು ವರ್ಷಗಳಿಗೆಂದು 20,050 ಕೋಟಿ ರೂಪಾಯಿ ನಿಗದಿಯಾಯಿತು. ಫಲಾನುಭವಿ ಘಟಕಗಳಿಗೆ ಸಾಮಾನ್ಯವಾಗಿ ಶೇ. 40, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇ. 60 ಸಹಾಯಧನವಿದೆ. ಕಾರವಾರದಲ್ಲಿರುವ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವು ಪಂಜರದಲ್ಲಿ ಕೋಬಿಯಾ, ಕುರುಡಿ ಮುಂತಾದ ಮೀನುಗಳನ್ನು ಸಾಕುವ ವಿದ್ಯೆಯನ್ನು ವರ್ಷಗಳ ಕಾಲ ಶ್ರಮಿಸಿ ರೂಢಿಗೆ ತಂದಿದೆ, ಆ ವಿಜ್ಞಾನಿಗಳ ಬಗ್ಗೆ ನನಗೆ ಗೌರವವಿದೆ. ಆದರೂ ಕುರುಡಿಯೂ ಕೋಬಿಯಾವೂ ಮೀನು ತಿನ್ನುವ ಮೀನುಗಳು. ಅವುಗಳ ಹೊಟ್ಟೆಗೆ ಬೀಳುವುದು ಬಹಳ ಕಡೆ ಅದೇ ಸಣ್ಣ ಮೀನು. ಬೆಳಚು, ಕಲ್ವ, ನೀಲಿಕಲ್ಲು ಎಂಬ ಚಿಪ್ಪುಜೀವಿಗಳಿಗೆ ಆಹಾರ ಹಾಕಬೇಕಾಗಿಯೇ ಇಲ್ಲ. ಅವು ನೀರನ್ನು ಸೋಸಿ ಅದರಲ್ಲಿರುವುದನ್ನು ತಿಂದು ಬೆಳೆಯುತ್ತವೆ, ನೀರೂ ತಿಳಿಯಾಗುತ್ತದೆ. ಹಗ್ಗಕ್ಕೆ ನೀಲಿಕಲ್ಲಿನ ಮರಿ ಕಟ್ಟಿ ಬೆಳೆಸುವ ಕೆಲಸವನ್ನು ಹೆಂಗಸರ ಸ್ವಸಹಾಯ ಸಂಘಗಳು ಕಡಿಮೆ ಬಂಡವಾಳದಲ್ಲಿ ಮಾಡಬಲ್ಲವು. ಸಹಾಯಧನದಲ್ಲಿ ಮೊದಲ ಮಣೆ ಇದಕ್ಕೆ ಸಿಗಲಿ. ಪಂಜರಕ್ಕಾಗಲಿ ಹಗ್ಗಕ್ಕಾಗಲಿ ನೀರನ್ನು ಗುತ್ತಿಗೆ ಕೊಡುವಾಗ ಆ ಜಾಗದಲ್ಲಿ ಈಗಾಗಲೇ ಬಲೆ ಬಿಡುವವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕೆಂಬ ನಿಯಮವೂ ಬರಲಿ. ಗಜನಿಯ ಗುತ್ತಿಗೆಯಿಂದ ನಾವು ಕಲಿತದ್ದು ಇದನ್ನೇ.

ಬಂದರುಗಳ ವಿಷಯದಲ್ಲಿ ನನ್ನ ಮಾತು ಚಿಕ್ಕದು. ನೌಕಾನೆಲೆಗೆ ಕಾರವಾರ ಮತ್ತು ಅಂಕೋಲೆಯ ಊರುಗಳು ಜಾಗ ಬಿಟ್ಟುಕೊಟ್ಟಿವೆ, ಅಲ್ಲಿನ ಎಷ್ಟೋ ಮೀನುಗಾರ ಮನೆಗಳು ತಮ್ಮ ಕಡಲತೀರವನ್ನೇ ಕಳೆದುಕೊಂಡಿವೆ. ಅದರ ಮೇಲೆ ಕಾರವಾರದ ವಾಣಿಜ್ಯ ಬಂದರಿನ ವಿಸ್ತರಣೆ, ಹೊನ್ನಾವರದ ಕಾಸರಕೋಡ ಟೊಂಕದ ಬಂದರು, ಅಂಕೋಲೆಯ ಕೇಣಿಯ ಬಂದರು ಎಂದು ಒಂದರ ಹಿಂದೆ ಒಂದು ಬರುತ್ತಿವೆ. ಪ್ರತಿಯೊಂದರ ಪರಿಣಾಮವನ್ನೂ ಬೇರೆಬೇರೆಯಾಗಿ ಅಳೆಯುತ್ತಾರೆ. ಮೀನಿಗೂ ಮರಳಿಗೂ ಕರಾವಳಿ ಒಂದೇ ಆಗಿರುವಾಗ ಜಿಲ್ಲೆಯ ಎಲ್ಲ ಬಂದರುಗಳ ಒಟ್ಟು ಪರಿಣಾಮವನ್ನು ಒಂದೇ ವರದಿಯಲ್ಲಿ ಅಳೆದು ಜನರ ಮುಂದಿಟ್ಟ ಹೊರತು ಹೊಸದಕ್ಕೆ ಅನುಮತಿ ಕೊಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಟೊಂಕದ ಮರಳಿನಲ್ಲಿ ಕಡಲಾಮೆಗಳು ಇಂದಿಗೂ ಮೊಟ್ಟೆಯಿಡುತ್ತವೆ. ಆಮೆ ಸಿಕ್ಕಿಬೀಳದಂತೆ ತಡೆಯುವ ಸಾಧನ ನಮ್ಮ ಬಲೆಗಳಲ್ಲಿಲ್ಲವೆಂದು ಅಮೆರಿಕವು 2019ರಿಂದ ನಮ್ಮ ಕಡಲಿನ ಸಿಗಡಿಯನ್ನು ಕೊಳ್ಳುತ್ತಿಲ್ಲ. ಬಲೆಗೆ ಸಾಧನ ಜೋಡಿಸಿ ಎಂದು ಮೀನುಗಾರನಿಗೆ ಹೇಳುವ ಸರ್ಕಾರವು ಆಮೆ ಮೊಟ್ಟೆಯಿಡುವ ದಂಡೆಯ ವಿಷಯದಲ್ಲಿಯೂ ಅಷ್ಟೇ ನಿಷ್ಠುರವಾಗಿರಬೇಕು.

ಅಘನಾಶಿನಿಯ ಅಳಿವೆಗೆ 2024ರ ಜನವರಿಯಲ್ಲಿ, ಜೌಗುನೆಲಗಳನ್ನು ಕಾಯುವ ಅಂತಾರಾಷ್ಟ್ರೀಯ ಒಪ್ಪಂದವಾದ ರಾಮ್ಸಾರ್‌ನ ಮಾನ್ಯತೆ ಸಿಕ್ಕಿತು, ವಿಸ್ತೀರ್ಣ 4,801 ಹೆಕ್ಟೇರ್. ಆ ಸುದ್ದಿ ಓದಿದ ದಿನ ನಾನು ಚಿಕ್ಕಮ್ಮನಿಗೆ ಫೋನು ಮಾಡಿ ಹೇಳಿದೆ. ಅದರಿಂದ ಬೆಳಚು ತೆಗೆಯುವುದನ್ನು ನಿಲ್ಲಿಸುತ್ತಾರೋ ಏನೋ ಎಂಬ ಭಯ ಅವರಿಗೆ ಮೊದಲು ಹುಟ್ಟಿತು. ಆ ಭಯಕ್ಕೆ ಕಾರಣವಿದೆ. ರಕ್ಷಣೆಯೆಂದರೆ ತಮ್ಮನ್ನು ಹೊರಗಿಡುವುದು ಎಂಬ ಅನುಭವವೇ ನಮ್ಮ ಜನರಿಗೆ ಹೆಚ್ಚಾಗಿ ಆಗಿದೆ. ಆದರೆ ರಾಮ್ಸಾರ್ ಒಪ್ಪಂದದ ಮೂಲ ಆಶಯವೇ ವಿವೇಕದ ಬಳಕೆ, ಅಂದರೆ ಜೌಗುನೆಲದ ಗುಣ ಕೆಡದಂತೆ ಅದರಿಂದ ಬದುಕು ನಡೆಸುವುದು. ಅಳಿವೆಯ ಆಡಳಿತ ಈಗ ಹಂಚಿಹೋಗಿದೆ: ಮೀನು ಒಂದು ಇಲಾಖೆಗೆ, ಕಾಂಡ್ಲ ಇನ್ನೊಂದಕ್ಕೆ, ಮರಳು ಗಣಿ ಇಲಾಖೆಗೆ, ಒಡ್ಡು ನೀರಾವರಿಗೆ, ದಂಡೆ ಕಂದಾಯಕ್ಕೆ, ಅಳಿವೆಬಾಯಿ ಬಂದರಿಗೆ. ಇವರನ್ನೆಲ್ಲ ಒಂದು ಮೇಜಿನ ಸುತ್ತ ಕೂರಿಸಿ, ಬೆಳಚು ತೆಗೆಯುವ ಹೆಂಗಸರಿಗೂ ಗಜನಿಯ ರೈತರಿಗೂ ನಾಡದೋಣಿಯವರಿಗೂ ಅಲ್ಲಿ ಮತ ಹಾಕುವ ಸ್ಥಾನ ಕೊಟ್ಟು, ಮರಳು, ನೀರು, ಮೀನುಗಳ ತೀರ್ಮಾನವನ್ನು ಒಟ್ಟಿಗೆ ಮಾಡುವ ಸಮಿತಿಯೊಂದನ್ನು ಈ ಮಾನ್ಯತೆಯ ಹೆಸರಿನಲ್ಲಿಯೇ ರಚಿಸಬಹುದು.

ಅದಕ್ಕೆ ಮೊದಲ ಕೆಲಸವಾಗಿ ನಾನು ಸೂಚಿಸುವುದು ಒಡ್ಡುಗಳ ದುರಸ್ತಿ. ನಿಷೇಧದ ತಿಂಗಳುಗಳಿಗೆಂದು ಇರುವ ಉಳಿತಾಯ ಪರಿಹಾರ ಯೋಜನೆಯಲ್ಲಿ ಮೀನುಗಾರ ತಾನೇ ಉಳಿಸಿದ 1,500 ರೂಪಾಯಿಗೆ ಕೇಂದ್ರ ಮತ್ತು ರಾಜ್ಯಗಳು 3,000 ಸೇರಿಸಿ, ಒಟ್ಟು 4,500 ರೂಪಾಯಿಯನ್ನು ಮೂರು ಕಂತಿನಲ್ಲಿ ಕೊಡುತ್ತವೆ. ತಿಂಗಳಿಗೆ 1,500 ರೂಪಾಯಿಯಲ್ಲಿ ಒಂದು ಮನೆ ನಡೆಯುವುದಿಲ್ಲ. ಉದ್ಯೋಗ ಖಾತರಿಯ ಕೂಲಿಯನ್ನು ಮಳೆಗೆ ಮುಂಚಿನ ತಿಂಗಳುಗಳಲ್ಲಿ ಗಜನಿಯ ಒಡ್ಡಿಗೂ ಬಾಗಿಲಿಗೂ ವಿನಿಯೋಗಿಸಿದರೆ ಆ ಮನೆಗಳಿಗೆ ಮಳೆಗಾಲಕ್ಕೆ ಕೈಯಲ್ಲಿ ಸ್ವಲ್ಪ ಹಣ ಉಳಿಯುತ್ತದೆ, ಕಗ್ಗಕ್ಕೂ ಶೆಟ್ಲಿಯ ಮರಿಗಳಿಗೂ ನೆಲೆ ಸಿಗುತ್ತದೆ. ನಮ್ಮ ಪಾಲಿನ ಗಜನಿಯಲ್ಲಿ ಎರಡು ವರ್ಷಗಳ ಹಿಂದೆ ಆರು ಮನೆಯವರು ಸೇರಿ ಒಂದು ಬಾಗಿಲಿಗೆ ಹೊಸ ಹಲಗೆ ಹಾಕಿದರು. ಬೀಜವನ್ನು ಹೊಳೆಯಾಚೆಯ ಊರಿನಿಂದ ತಂದರು. ಮೊದಲ ವರ್ಷದ ಬಿತ್ತನೆ ಉಪ್ಪಿಗೆ ಸುಟ್ಟುಹೋಯಿತು. ಎರಡನೆಯ ವರ್ಷ ಸುಮಾರು ಅರ್ಧ ಗದ್ದೆಯಲ್ಲಿ ಕಗ್ಗ ಎದ್ದುನಿಂತು, ಕೊಯ್ಲಿನ ನಂತರ ಬಾಗಿಲು ತೆರೆದ ರಾತ್ರಿ ನಾನೂ ಅಲ್ಲಿದ್ದೆ. ಟಾರ್ಚಿನ ಬೆಳಕಿನಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಮರಿಗಳು ಭರತದ ನೀರಿನೊಡನೆ ಒಳಗೆ ಬರುತ್ತಿದ್ದವು.